ಬಿಟ್ಟುಹೋದವರ ಹೆಸರು ಬರೆಯಿರಿ

ಪೋಲಿಯೊ ಭಾನುವಾರದ ಮರುದಿನ ಮನೆ ಮನೆ ಸುತ್ತಲು ಹೊರಟಾಗ ನಮ್ಮ ಹೆಗಲಿಗೆ ನೀಲಿ ಪೆಟ್ಟಿಗೆ, ಕೈಯಲ್ಲಿ ಒಂದು ತುಂಡು ಸೀಮೆಸುಣ್ಣ. ಮನೆಯ ಎಲ್ಲ ಮಕ್ಕಳ ಎಡಗೈ ಕಿರುಬೆರಳಿನ ಮೇಲೆ ಶಾಯಿ ಗುರುತು ಕಂಡರೆ ಬಾಗಿಲ ಪಕ್ಕದ ಗೋಡೆಗೆ ‘ಪಿ’ ಎಂದು ಬರೆಯುತ್ತಿದ್ದೆವು. ಒಂದೇ ಒಂದು ಮಗು ಅಜ್ಜಿಯ ಊರಿಗೆ ಹೋಗಿದ್ದರೂ, ಬಾಗಿಲಿಗೆ ಬೀಗ ಬಿದ್ದಿದ್ದರೂ, ಅಪ್ಪ ‘ಬೇಡ’ ಎಂದು ತಲೆ ಅಲ್ಲಾಡಿಸಿದರೂ ‘ಎಕ್ಸ್’. ಸಂಜೆ ಆರೋಗ್ಯ ಕೇಂದ್ರದ ಅಂಗಳದಲ್ಲಿ ಲೆಕ್ಕ ಒಪ್ಪಿಸಲು ನಿಂತಾಗ ಮೇಲ್ವಿಚಾರಕರ ಮೊದಲ ಪ್ರಶ್ನೆ: “ಎಕ್ಸ್ ಮನೆ ಎಷ್ಟಮ್ಮ? ಯಾರ್‍ಯಾರದು?” ಹನಿ ಹಾಕಿದ ಮಕ್ಕಳ ಸಂಖ್ಯೆ ಆಮೇಲಿನ ಮಾತು.

ಮರುದಿನ ಆ ಎಕ್ಸ್ ಮನೆಗಳ ಪಟ್ಟಿ ಹಿಡಿದು ಮತ್ತೆ ಹೋಗುತ್ತಿದ್ದೆವು. ಬೀಗ ತೆಗೆದಿರದಿದ್ದರೆ ಅದರ ಮರುದಿನ. ಬಸ್‌ಸ್ಟ್ಯಾಂಡಿನಲ್ಲಿ, ಜಾತ್ರೆಯ ತೊಟ್ಟಿಲ ಬಳಿ, ಸಂತೆಯ ಬಾಯಲ್ಲಿ ನಿಂತು ಕಂಕುಳಲ್ಲಿರುವ ಕೂಸಿನ ಬೆರಳು ಹಿಡಿದು ನೋಡುತ್ತಿದ್ದೆವು. 1995ರಲ್ಲಿ ಶುರುವಾದ ಈ ಅಲೆದಾಟಕ್ಕೆ ಫಲ ಸಿಕ್ಕಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಮಗುವಿನಲ್ಲಿ ಕಂಡದ್ದೇ ದೇಶದ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ನಮ್ಮನ್ನು ಪೋಲಿಯೊಮುಕ್ತ ಎಂದು ಸಾರಿತು. ಅದಕ್ಕೂ ಹಿಂದಿನ ತಲೆಮಾರು ಸಿಡುಬನ್ನು ಓಡಿಸಿದ್ದೂ ಇದೇ ದಾರಿಯಲ್ಲಿ. ಸಿಡುಬೆದ್ದ ಮಗುವಿನ ಚಿತ್ರ ಕೈಯಲ್ಲಿ ಹಿಡಿದು, ‘ಇಂಥವರು ಯಾರಾದರೂ ಇದ್ದಾರಾ?’ ಎಂದು ಹಳ್ಳಿ ಹಳ್ಳಿಯಲ್ಲಿ ಕೇಳುತ್ತಾ ಹೋದರು. ಕೊನೆಕೊನೆಗೆ ಸುದ್ದಿ ಕೊಟ್ಟವರಿಗೆ ಸಾವಿರ ರೂಪಾಯಿ ಬಹುಮಾನವಿತ್ತು. 1975ರ ಮಾತು ಅದು, ಸಾವಿರವೆಂದರೆ ಒಂದು ಜೊತೆ ಎತ್ತಿನ ಕನಸು ಕಾಣಬಹುದಾದ ಹಣ.

ನಾನು ಮೂವತ್ತೊಂದು ವರ್ಷ ಆ ಪೆಟ್ಟಿಗೆ ಹೊತ್ತವಳು. ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲೆ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಒಂದೇ: ಆ ಸೀಮೆಸುಣ್ಣವನ್ನು ನಾವು ಯಾವಾಗ ಕೆಳಗಿಟ್ಟೆವು? ಪೋಲಿಯೊ ಒಂದನ್ನು ಬಿಟ್ಟು ಉಳಿದ ಯಾವ ಲಸಿಕೆಗೂ ನಾವು ಎಕ್ಸ್ ಮನೆಯನ್ನು ಆ ಹಟದಿಂದ ಹುಡುಕುತ್ತಿಲ್ಲ. ಹಾಕಿದ್ದನ್ನು ಎಣಿಸುತ್ತೇವೆ, ಶೇಕಡಾವಾರು ತೆಗೆಯುತ್ತೇವೆ, ಫಲಕಕ್ಕೆ ಬರೆಯುತ್ತೇವೆ. ಬಿಟ್ಟುಹೋದವರ ಹೆಸರು ಬರೆಯುವುದಿಲ್ಲ.

ಶೇಕಡಾವಾರು ಸುಳ್ಳೆಂದು ನಾನು ಹೇಳುತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2005-06ರಲ್ಲಿ ಮನೆಗಳಿಗೆ ಹೋಗಿ ಕೇಳಿದಾಗ ದೇಶದಲ್ಲಿ ಒಂದರಿಂದ ಎರಡು ವರ್ಷದ ನೂರು ಮಕ್ಕಳಲ್ಲಿ ಮೂಲ ಲಸಿಕೆಗಳೆಲ್ಲ ಆಗಿದ್ದವರು 44 ಮಂದಿ. 2015-16ಕ್ಕೆ 62. 2019-21ಕ್ಕೆ 76. ಕರ್ನಾಟಕದಲ್ಲಿ ಕೊನೆಯ ಎರಡು ಸಮೀಕ್ಷೆಗಳ ನಡುವೆ 63ರಿಂದ 84ಕ್ಕೆ ಏರಿತು. ಈ ಏರಿಕೆಯ ಹಿಂದೆ ಎಷ್ಟು ಆಶಾ ಕಾರ್ಯಕರ್ತೆಯರ ಸವೆದ ಚಪ್ಪಲಿಗಳಿವೆ ಎಂದು ನನಗೆ ಗೊತ್ತು. ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಜಗಳಕ್ಕೆ ನಿಲ್ಲುತ್ತೇನೆ. ಆದರೆ 84ನ್ನು ಓದಿ ಚಪ್ಪಾಳೆ ತಟ್ಟಿದ ಸಭೆಗಳಲ್ಲಿ ನಾನು ಕೂತಿದ್ದೇನೆ. ಉಳಿದ 16 ಮಕ್ಕಳು ಯಾವ ಓಣಿಯವರು ಎಂದು ಕೇಳಿದವರನ್ನು ಕಂಡಿದ್ದು ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಪ್ರತಿವರ್ಷ ‘ಝೀರೋ ಡೋಸ್’ ಮಕ್ಕಳ ಅಂದಾಜು ಕೊಡುತ್ತವೆ. ಒಂದೂವರೆ ತಿಂಗಳಿಗೆ ಹಾಕುವ ಮೊದಲ ಸೂಜಿ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳಿಂದ ಕಾಯುವ ಆ ಸೂಜಿ ಆಗದ ಮಕ್ಕಳು ಇವರು. ನಮ್ಮ ದೇಶದಲ್ಲಿ 2023ರಲ್ಲಿ ಸುಮಾರು 16 ಲಕ್ಷ ಇದ್ದರು. 2024ರಲ್ಲಿ ಸುಮಾರು 9 ಲಕ್ಷ. ಒಂದೇ ವರ್ಷದಲ್ಲಿ ಇಷ್ಟು ಇಳಿದದ್ದು ದೊಡ್ಡ ಕೆಲಸ. ಆದರೂ 9 ಲಕ್ಷ ಎಷ್ಟೆಂದು ಯೋಚಿಸಿ: 2011ರ ಗಣತಿಯಲ್ಲಿ ಇಡೀ ಕೊಡಗು ಜಿಲ್ಲೆಯ ಜನ ಐದೂವರೆ ಲಕ್ಷ. ಅದಕ್ಕಿಂತ ಹೆಚ್ಚು ಕೂಸುಗಳು ಒಂದೇ ವರ್ಷದಲ್ಲಿ ನಮ್ಮ ಕೈಗೆ ಸಿಗದೆ ಹೋದವು.

ಅಂಥ ಒಂದು ಕೂಸನ್ನು ನಾನು ಎತ್ತಿಕೊಂಡಿದ್ದೇನೆ. ಬೆಂಗಳೂರಿನ ಅಂಚಿನಲ್ಲಿ ಹನ್ನೆರಡು ಅಂತಸ್ತಿನ ಕಟ್ಟಡ ಏಳುತ್ತಿತ್ತು, ಅದರ ಹಿಂದೆ ಕೂಲಿಯವರ ತಗಡಿನ ಶೆಡ್ಡುಗಳ ಸಾಲು. ಯಾದಗಿರಿ ಕಡೆಯಿಂದ ಗುಳೆ ಬಂದವರು. ಏಳು ತಿಂಗಳ ಹೆಣ್ಣುಮಗು, ಕಣ್ಣಿಗೆ ಕಾಡಿಗೆ, ಸೊಂಟಕ್ಕೆ ಕಪ್ಪು ದಾರ. ಎಡತೋಳು ತಿರುಗಿಸಿ ನೋಡಿದೆ, ಬಿಸಿಜಿಯ ಸಣ್ಣ ಗುಳಿ ಇತ್ತು. ಅಂದರೆ ಆಸ್ಪತ್ರೆಯಲ್ಲಿ ಹುಟ್ಟಿದೆ, ಹುಟ್ಟಿದಾಗಿನ ಸೂಜಿ ಆಗಿದೆ. ತಾಯಿ ಕಾರ್ಡ್ ಎಲ್ಲಿ ಎಂದೆ.

“ಊರಾಗ ಐತ್ರಿ ಸಿಸ್ಟರಮ್ಮ, ಟ್ರಂಕಿನ್ಯಾಗ. ಕೀಲಿ ಅತ್ತೀ ಹತ್ರ ಐತಿ.”

“ಆಮೇಲೆ ಸೂಜಿ ಯಾಕೆ ಹಾಕಿಸಿಲ್ಲ?”

“ಯಾರಿಗಿ ಕೇಳೂದ್ರಿ ಇಲ್ಲಿ? ಅಂಗನವಾಡಿ ಎಲ್ಲೈತಂತಾನೂ ಗೊತ್ತಿಲ್ಲ. ಒಂದಿನ ಕೆಲಸ ಬಿಟ್ರ ಮೇಸ್ತ್ರಿ ಪಗಾರ ಹಿಡೀತಾನ. ಸೂಜಿ ಹಾಕಿದ್ ರಾತ್ರಿ ಜ್ವರ ಬಂದ್ರ ಮತ್ತೊಂದಿನ ಹೋಗ್ತದ.”

ಈ ತಾಯಿಯಲ್ಲಿ ಅಜ್ಞಾನವಿಲ್ಲ, ಲಸಿಕೆಯ ಮೇಲೆ ಅಪನಂಬಿಕೆಯೂ ಇಲ್ಲ. ಅವಳ ಊರಿನ ಆಶಾ ತನ್ನ ಪುಸ್ತಕದಲ್ಲಿ ‘ಗುಳೆ ಹೋಗಿದ್ದಾರೆ’ ಎಂದು ಬರೆದು ಮುಂದಿನ ಮನೆಗೆ ಹೋಗಿರುತ್ತಾಳೆ, ಅವಳು ಮತ್ತೇನು ಮಾಡಿಯಾಳು? ಇಲ್ಲಿನ ಆಶಾಳ ಪಟ್ಟಿಯಲ್ಲಿ ಈ ಶೆಡ್ಡು ಇಲ್ಲವೇ ಇಲ್ಲ, ಏಕೆಂದರೆ ಅದಕ್ಕೆ ಮನೆ ನಂಬರ್ ಇಲ್ಲ. ಎರಡು ಪುಸ್ತಕಗಳ ನಡುವಿನ ಸಂದಿಯಲ್ಲಿ ಕೂಸು ಮಲಗಿದೆ. ಇಟ್ಟಿಗೆ ಭಟ್ಟಿಯಲ್ಲಿ, ಕಬ್ಬು ಕಡಿಯುವವರ ಗುಡಿಸಲಿನಲ್ಲಿ, ಕಾಫಿ ತೋಟದ ಲೈನ್ ಮನೆಯಲ್ಲಿ, ಕುರಿಗಾಹಿಗಳ ಬಿಡಾರದಲ್ಲಿ ಇದೇ ಸಂದಿ.

ಶೇಕಡಾವಾರು ತೆಗೆಯಲು ಕೆಳಗಡೆ ಒಂದು ಸಂಖ್ಯೆ ಬೇಕಲ್ಲ, ಅದು ಎಲ್ಲಿಂದ ಬರುತ್ತದೆಂದು ಬಹಳ ಜನರಿಗೆ ತಿಳಿಯದು. ನಿಮ್ಮ ಪ್ರದೇಶದಲ್ಲಿ ಈ ವರ್ಷ ಇಷ್ಟು ಮಕ್ಕಳು ಹುಟ್ಟಬೇಕು ಎಂಬ ಗುರಿ ಮೇಲಿನಿಂದ ಇಳಿದು ಬರುತ್ತದೆ. ಆ ಗುರಿಯ ಬೇರು 2011ರ ಜನಗಣತಿಯಲ್ಲಿದೆ. 2021ರ ಗಣತಿ ನಡೆಯಲಿಲ್ಲ, ಅದು 2027ಕ್ಕೆ ಹೋಯಿತು. ಈ ನಡುವೆ ಎಷ್ಟು ಊರು ಖಾಲಿಯಾದವು, ಎಷ್ಟು ಹೊಲ ಲೇಔಟ್ ಆದವು! ಜನ ಬಿಟ್ಟುಹೋದ ಹಳ್ಳಿಯ ಸಿಸ್ಟರ್ ಇರುವ ಮಕ್ಕಳಿಗೆಲ್ಲ ಹಾಕಿದರೂ ಗುರಿ ಮುಟ್ಟುವುದಿಲ್ಲ, ಬೈಗುಳ ತಿನ್ನುತ್ತಾಳೆ. ಜನ ಬಂದು ತುಂಬಿದ ಪಟ್ಟಣದಲ್ಲಿ ಅಂಕಿ ನೂರನ್ನೂ ದಾಟುತ್ತದೆ. ನೂರು ದಾಟಿದ ಊರಿನಲ್ಲಿ ಲಸಿಕೆ ಸಿಗದ ಮಗು ಇದೆ ಎಂದರೆ ಯಾರು ನಂಬುತ್ತಾರೆ? ಆ ತಗಡಿನ ಶೆಡ್ಡು ಅಂಥ ಒಂದು ಊರಿನಲ್ಲೇ ಇತ್ತು.

ಇನ್ನು ನನ್ನದೇ ತಪ್ಪೊಂದನ್ನು ಹೇಳಬೇಕು. ಅದನ್ನು ಹೇಳದೆ ಬೇರೆಯವರ ಆತ್ಮಸಾಕ್ಷಿಯನ್ನು ಮುಟ್ಟುವ ಅಧಿಕಾರ ನನಗಿಲ್ಲ.

ಒಂದು ಮಾರ್ಚ್ ಕೊನೆ. ತಿಂಗಳ ಸಭೆಯಲ್ಲಿ ಅಂಕಿ ಕಡಿಮೆಯಾದವರನ್ನು ಎದ್ದು ನಿಲ್ಲಿಸುತ್ತಿದ್ದರು, ಎಲ್ಲರ ಮುಂದೆ, ನಮ್ಮ ಮಕ್ಕಳ ವಯಸ್ಸಿನವರ ಮುಂದೆ. ಹಿಂದಿನ ತಿಂಗಳು ನಾನು ನಿಂತಿದ್ದೆ. ಆ ಸಲ ಮೂರನೆಯ ಡೋಸ್ ಬಾಕಿ ಇದ್ದ ಒಂದು ಮಗುವಿನ ಮನೆಗೆ ಎರಡು ಬಾರಿ ಹೋದೆ, ಎರಡು ಸಲವೂ ಬೀಗ. ರಾತ್ರಿ ರಿಜಿಸ್ಟರ್ ಬರೆಯುತ್ತಾ ಕೂತಾಗ ಆ ಮನೆಯ ಸಾಲಿನಲ್ಲಿ ಖಾಲಿ ಚೌಕ ಕಂಡಿತು. ದಿನಾಂಕ ಬರೆದುಬಿಟ್ಟೆ. ನೀಲಿ ಪೆನ್ನಿನಲ್ಲಿ, ಉಳಿದೆಲ್ಲದರ ಹಾಗೆಯೇ ಕಾಣುವಂತೆ. ಮುಂದಿನ ವಾರ ಹೇಗೂ ಹಾಕುತ್ತೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ವಾರ ನನಗೆ ಆ ಮಗುವಿನ ನೆನಪೇ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಯಾರಿಗೆ ಸೂಜಿ ಬಾಕಿ ಇದೆ ಎಂಬ ಡ್ಯೂ ಲಿಸ್ಟ್ ತಯಾರಾಗುವುದೇ ಖಾಲಿ ಚೌಕಗಳಿಂದ. ಚೌಕ ತುಂಬಿದ ಗಳಿಗೆಯಲ್ಲಿ ಆ ಮಗುವನ್ನು ಹುಡುಕಬೇಕಾದವರ ಪಟ್ಟಿಯಿಂದ ನಾನು ಅಳಿಸಿದ್ದೆ. ಎರಡು ವರ್ಷದ ಮೇಲೆ ಅದರ ತಾಯಿ ಎರಡನೆಯ ಬಸುರಿಗೆ ಹೆಸರು ಬರೆಸಲು ಬಂದಳು. ಮೊದಲ ಮಗುವಿನ ಕಾರ್ಡನ್ನೂ ತಂದಿದ್ದಳು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಮಡಿಸಿ. ಕಾರ್ಡಿನಲ್ಲಿ ಆ ಚೌಕ ಖಾಲಿ, ನನ್ನ ಪುಸ್ತಕದಲ್ಲಿ ತುಂಬಿದೆ. ದಡಾರದ ಸೂಜಿಯ ಚೌಕವೂ ಖಾಲಿ. ಅವಳು ಎರಡನ್ನೂ ನೋಡಿ, “ನೀವು ಬರ್ಕೊಂಡಿದೀರಲ್ಲ ಸಿಸ್ಟರ್, ಹಾಗಾದ್ರೆ ಆಗಿರುತ್ತೆ ಬಿಡಿ” ಎಂದಳು. ಅವಳು ತನ್ನ ಕಣ್ಣಿಗಿಂತ ನನ್ನ ಬರಹವನ್ನು ನಂಬಿದಳು. ಬಾಕಿ ಸೂಜಿಗಳನ್ನು ಅಂದೇ ಹಾಕಿದೆ, ಮಗು ಚೆನ್ನಾಗಿದೆ. ಆದರೂ ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳು.

ಅಧಿಕಾರದಲ್ಲಿರುವವರೇ, ಕೈಮುಗಿದು ಕೇಳುತ್ತೇನೆ. ಕಡಿಮೆ ಅಂಕಿ ತಂದ ಸಿಸ್ಟರನ್ನು, ಆಶಾಳನ್ನು ಎದ್ದು ನಿಲ್ಲಿಸಬೇಡಿ. ಬಿಟ್ಟುಹೋದ ಹತ್ತು ಮಕ್ಕಳ ಹೆಸರು ಬರೆದು ತಂದವಳು ನೂರಕ್ಕೆ ನೂರು ಬರೆದು ತಂದವಳಿಗಿಂತ ಹೆಚ್ಚು ಕೆಲಸ ಮಾಡಿದ್ದಾಳೆ. ಅವಳಿಗೊಂದು ಕುರ್ಚಿ ಕೊಡಿ. ಆ ಹತ್ತು ಹೆಸರಿಗಾಗಿ ಒಂದು ಜೀಪು ಕೊಡಿ. ಅವಮಾನಕ್ಕೆ ಹೆದರಿದ ಕೈ ಖಾಲಿ ಚೌಕವನ್ನು ತುಂಬುತ್ತದೆ, ನಾನೇ ಅದಕ್ಕೆ ಸಾಕ್ಷಿ.

ಒಂದೆರಡು ಮಕ್ಕಳು ತಪ್ಪಿದರೇನಾಯಿತು, ಉಳಿದವರಿಗೆಲ್ಲ ಆಗಿದೆಯಲ್ಲ ಎನ್ನುವವರಿದ್ದಾರೆ. ತಪ್ಪಿದವರು ಜಿಲ್ಲೆಯ ತುಂಬಾ ಎಳ್ಳು ಚೆಲ್ಲಿದಂತೆ ಹರಡಿಕೊಂಡಿದ್ದರೆ ಆ ಮಾತಿಗೆ ಸ್ವಲ್ಪ ಅರ್ಥವಿರುತ್ತಿತ್ತು. ಅವರು ಒಂದೇ ತಾಂಡಾದಲ್ಲಿ, ಒಂದೇ ಕೊಳೆಗೇರಿಯಲ್ಲಿ, ಒಂದೇ ಭಟ್ಟಿಯಲ್ಲಿ ಒತ್ತಾಗಿ ಇರುತ್ತಾರೆ. ದಡಾರಕ್ಕೆ ಬೇಕಾದದ್ದೂ ಅದೇ. ಲಸಿಕೆಯಿಲ್ಲದವರ ನಡುವೆ ದಡಾರದ ಒಬ್ಬ ರೋಗಿ ಹನ್ನೆರಡರಿಂದ ಹದಿನೆಂಟು ಜನರಿಗೆ ಅಂಟಿಸಬಲ್ಲ. ಅದನ್ನು ತಡೆಯಲು ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು, ರಾಜ್ಯದ ಸರಾಸರಿಯಲ್ಲಿ ಮಾತ್ರವಲ್ಲ, ಪ್ರತಿ ಓಣಿಯಲ್ಲಿ. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯಂಥ ಕಡೆ ದಡಾರ ಎದ್ದು ಮಕ್ಕಳು ಸತ್ತರು, ದೇಶದ ಅತಿ ಶ್ರೀಮಂತ ನಗರದಲ್ಲಿ. 2016ರಲ್ಲಿ ಪಕ್ಕದ ಕೇರಳದ ಮಲಪ್ಪುರಂನಲ್ಲಿ ಗಂಟಲುಮಾರಿಗೆ ಹದಿಹರೆಯದವರು ಬಲಿಯಾದರು. ಆರೋಗ್ಯದಲ್ಲಿ ಮಾದರಿ ಎಂದು ನಾವೆಲ್ಲ ಹಾಡಿ ಹೊಗಳುವ ರಾಜ್ಯ ಅದು. ಅವರ ಸರಾಸರಿಯೂ ಚೆನ್ನಾಗಿಯೇ ಇತ್ತು.

ಎರಡನೆಯ ಡೋಸಿನ ವಿಷಯಕ್ಕೆ ಬಂದರೆ ಇನ್ನೂ ಸಂಕಟ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ ಶುರುವಾದದ್ದು ನಮ್ಮ ಬೆಂಗಳೂರಿನಿಂದಲೇ. ಮೊದಲ ಡೋಸ್ ಒಂಬತ್ತು ತಿಂಗಳಿಗೆ, ಎರಡನೆಯದು ಒಂದೂವರೆ ವರ್ಷದ ಹೊತ್ತಿಗೆ. 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಎರಡರಿಂದ ಮೂರು ವರ್ಷದ ಮಕ್ಕಳ ಮನೆಗಳಲ್ಲಿ ವಿಚಾರಿಸಿದಾಗ ದಡಾರದ ಎರಡನೆಯ ಡೋಸ್ ಆದವರು ದೇಶದಲ್ಲಿ ನೂರಕ್ಕೆ 32 ಮಾತ್ರ. ಇಲಾಖೆಯ ಲೆಕ್ಕಗಳು ಅದಕ್ಕಿಂತ ಬಹಳ ಮೇಲಿದ್ದವು. ಎರಡು ಲೆಕ್ಕಗಳ ನಡುವೆ ಇಷ್ಟು ದೊಡ್ಡ ಕಂದಕ ಬಿದ್ದರೆ ಯಾವುದು ಸರಿ ಎಂದು ವಾದ ಮಾಡುತ್ತಾ ಕೂರುವುದೇ, ಮನೆಗೆ ಹೋಗಿ ಕಾರ್ಡ್ ಬಿಚ್ಚಿ ನೋಡುವುದೇ?

ಮಕ್ಕಳ ಮಾತಾಯಿತು. ಮಕ್ಕಳಿಗಾದರೂ ಒಂದು ಪುಸ್ತಕವಿದೆ, ಅದರಲ್ಲಿ ತಪ್ಪುಗಳಿವೆ. ವಯಸ್ಸಾದವರಿಗೆ ಪುಸ್ತಕವೇ ಇಲ್ಲ.

ನನ್ನ ತಂದೆಗೆ ಆಗ ಎಪ್ಪತ್ತೆಂಟು. ಮಾಗಿಯ ಚಳಿಯಲ್ಲಿ ಜ್ವರ, ಕಫ, ನಾಲ್ಕನೆಯ ದಿನಕ್ಕೆ ಉಸಿರಾಡಲು ಕಷ್ಟ. ಆಸ್ಪತ್ರೆಗೆ ಸೇರಿಸಿದೆವು, ನ್ಯುಮೋನಿಯಾ ಎಂದರು. ತರುಣ ವೈದ್ಯರೊಬ್ಬರು ಕೇಸ್ ಶೀಟ್ ತುಂಬುತ್ತಾ ಕೇಳಿದರು: “ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಏನಾದ್ರೂ ಹಾಕಿಸಿದೀರಾ?” ಮೂವತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಮಕ್ಕಳ ತೊಡೆಗೆ ಸೂಜಿ ಹಾಕಿದ್ದೇನೋ, ಆ ಕೈ ನನ್ನ ಅಪ್ಪನಿಗೆ ಒಂದು ಸೂಜಿ ಹಾಕಿಸಿರಲಿಲ್ಲ. ಬೀರುವಿನಲ್ಲಿ ಮೊಮ್ಮಕ್ಕಳ ಕಾರ್ಡುಗಳಿದ್ದವು. ಅಪ್ಪನ ಹೆಸರಿನಲ್ಲಿ ಎಲ್‌ಐಸಿ ಪಾಲಿಸಿ, ಪಹಣಿ, ಪಿಂಚಣಿ ಪುಸ್ತಕ ಇದ್ದವು. ಹಾಕಿಸಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ, ಅಂಥ ಮಾತನ್ನು ಯಾರೂ ಹೇಳಬಾರದು. ಆದರೆ ಆ ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರಿಸಿದವಳು ಸ್ವತಃ ನರ್ಸ್ ಆದ ಮಗಳು.

ನನ್ನ ಮನೆಯೊಂದರ ಕಥೆಯಲ್ಲ ಇದು. 2017-18ರಲ್ಲಿ ಮುಂಬೈಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ದೊಡ್ಡ ಅಧ್ಯಯನ ನಡೆಯಿತು. ಫ್ಲೂ ಲಸಿಕೆ ಹಾಕಿಸಿಕೊಂಡವರು ನೂರಕ್ಕೆ ಇಬ್ಬರೂ ಸಿಗಲಿಲ್ಲ. ನ್ಯುಮೋನಿಯಾದ್ದು ನೂರಕ್ಕೆ ಒಬ್ಬರೂ ಇಲ್ಲ. 2011ರಲ್ಲೇ ದೇಶದಲ್ಲಿ 60 ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದರು. ಸರ್ಪಸುತ್ತಿಗೂ ಈಗ ಲಸಿಕೆ ಇದೆ, ಆದರೆ ಅದರ ಬೆಲೆ ಕೇಳಿದರೆ ಪಿಂಚಣಿದಾರರು ಎದ್ದು ಬರುತ್ತಾರೆ. ಹೊಲದಲ್ಲಿ ಕುಡುಗೋಲು ಹಿಡಿಯುವ ಅಜ್ಜನಿಗೆ ಹತ್ತು ವರ್ಷಕ್ಕೊಮ್ಮೆ ಧನುರ್ವಾಯುವಿನ ಸೂಜಿ ಬೇಕು, ಗಾಯವಾದಾಗ ಮಾತ್ರ ಓಡುತ್ತೇವೆ.

ಆಗುವುದಿಲ್ಲ ಎನ್ನಬೇಡಿ, ಒಮ್ಮೆ ಮಾಡಿ ತೋರಿಸಿದ್ದೇವೆ. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಕೋವಿಡ್ ಲಸಿಕೆ ಕೊಡತೊಡಗಿದಾಗ ದೇಶ ಮೊಟ್ಟಮೊದಲ ಬಾರಿಗೆ ತನ್ನ ಹಿರಿಯರ ಹೆಸರುಗಳನ್ನು ಲಸಿಕೆಯ ಪುಸ್ತಕದಲ್ಲಿ ಬರೆಯಿತು. ಅಜ್ಜಂದಿರು ಆಟೋದಲ್ಲಿ, ಮಗನ ಬೈಕಿನ ಹಿಂದೆ, ಕೋಲೂರಿಕೊಂಡು ಬಂದು ಸಾಲಿನಲ್ಲಿ ಕೂತರು. ನಡೆಯಲಾರದವರ ಮನೆಗೆ ನಾವೇ ಹೋದೆವು. ಯಾರಿಗೆ ಒಂದು, ಯಾರಿಗೆ ಎರಡು, ಯಾರು ಬಂದಿಲ್ಲ, ಎಲ್ಲವೂ ಬೆರಳ ತುದಿಯಲ್ಲಿತ್ತು. ಆಮೇಲೆ ಪುಸ್ತಕ ಮುಚ್ಚಿದೆವು. ಅದೇ ಪುಟದ ಮುಂದಿನ ಅಂಕಣದಲ್ಲಿ ಫ್ಲೂ ಎಂದು ಬರೆಯಲು ಒಂದು ಗೆರೆ ಸಾಕಿತ್ತು.

ದೊಡ್ಡವರ ಲಸಿಕೆಗೆ ಪುಸ್ತಕ ಇಡುವುದು ಮಲೆನಾಡಿನವರಿಗೆ ಹೊಸತೇನಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಗೆ ದೊಡ್ಡವರೇ ವರ್ಷಾನುಗಟ್ಟಲೆ ಸೂಜಿ ಹಾಕಿಸಿಕೊಂಡರು, ಬೂಸ್ಟರ್ ಸಮೇತ. ಯಾರಿಗೆ ಎಷ್ಟು ಡೋಸ್ ಆಗಿದೆ ಎಂಬ ಪಟ್ಟಿಯನ್ನು ರೋಗಿಗಳ ಪಟ್ಟಿಯ ಎದುರಿಗಿಟ್ಟು ನೋಡಿದ್ದರಿಂದಲೇ ಆ ಲಸಿಕೆಯ ಕಾವಲು ಎಷ್ಟೆಂದು ತಿಳಿದದ್ದು. 2022ರಲ್ಲಿ ಅದನ್ನು ನಿಲ್ಲಿಸಿದರು, ಸಾಕಷ್ಟು ಕಾಯುತ್ತಿಲ್ಲವೆಂದು. ಲಸಿಕೆ ಸೋತದ್ದನ್ನೂ ಹೇಳುವುದು ಪುಸ್ತಕವೇ.

ಈಗ ಲಸಿಕೆ ದಾಖಲಿಸುವ ಯು-ವಿನ್ ಪೋರ್ಟಲ್ ಬಂದಿದೆಯಲ್ಲ ಎನ್ನುತ್ತಾರೆ. ಬಂದದ್ದು ಒಳ್ಳೆಯದೇ. ಯಾದಗಿರಿಯಲ್ಲಿ ಹಾಕಿದ ಸೂಜಿ ಬೆಂಗಳೂರಿನ ಸಿಸ್ಟರ್‌ಗೆ ಕಾಣುತ್ತದೆ, ಟ್ರಂಕಿನ ಕೀಲಿ ಬೇಕಿಲ್ಲ. ಆದರೆ ಹೆಸರು ಬರೆಸಿದವರನ್ನಷ್ಟೇ ಅದು ಬಲ್ಲದು. ಬರೆಸಲು ಬಾರದವಳ ಶೆಡ್ಡಿಗೆ ಫೋನು ನಡೆದುಕೊಂಡು ಹೋಗುವುದಿಲ್ಲ. ಅಲ್ಲಿಗೆ ಯಾರಾದರೂ ಹೋಗಬೇಕು.

ಆದ್ದರಿಂದ ಕೇಳುತ್ತಿದ್ದೇನೆ. ಗ್ರಾಮ ಪಂಚಾಯಿತಿ ಸದಸ್ಯರೇ, ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಮಾತಿಗೆ ಮೊದಲು ಬಿಟ್ಟುಹೋದ ಮಕ್ಕಳೆಷ್ಟು ಎಂದು ಕೇಳಿ. ಸಭೆಯಲ್ಲಿ ಸಂಖ್ಯೆ ಸಾಕು, ಹೆಸರು ಸಿಸ್ಟರ್ ಕೈಯಲ್ಲಿರಲಿ. ಬಡವರ ಹೆಸರನ್ನು ಮೈಕಿನಲ್ಲಿ ಕೂಗಿ ಮಾನ ಕಳೆಯುವುದು ಬೇಡ. ಕಟ್ಟಡದ ಮೇಸ್ತ್ರಿಗಳೇ, ಭಟ್ಟಿಯ ಮಾಲೀಕರೇ, ಸೂಜಿ ಹಾಕಿಸಲು ಹೋದ ತಾಯಿಯ ಅರ್ಧ ದಿನದ ಪಗಾರ ಹಿಡಿಯಬೇಡಿ. ಅಪಾರ್ಟ್‌ಮೆಂಟಿನ ಸಂಘದವರೇ, ನಿಮ್ಮ ಗೋಡೆಯಾಚೆ ಯಾವ ಶೆಡ್ಡುಗಳಿವೆ, ಅಲ್ಲಿ ಎಷ್ಟು ತೊಟ್ಟಿಲು ತೂಗುತ್ತಿವೆ, ಬಾಲ್ಕನಿಯಿಂದ ನಿಮಗೆ ಕಾಣುತ್ತದೆ. ಆಶಾಗೆ ಒಂದು ಫೋನ್ ಮಾಡಿ. ಸರ್ಕಾರ ನಡೆಸುವವರೇ, ತಿಂಗಳು ತಿಂಗಳು ಬಿಪಿ, ಶುಗರ್ ಮಾತ್ರೆಗೆ ಆರೋಗ್ಯ ಕೇಂದ್ರಕ್ಕೆ ಬರುವ ಹಿರಿಯರ ಪುಸ್ತಕದಲ್ಲಿ ಲಸಿಕೆಗೊಂದು ಅಂಕಣ ಎಳೆಯಿರಿ, ಬಡವರ ಮನೆಯ ಹಿರಿಯರಿಗೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯನ್ನು ಉಚಿತವಾಗಿ ಕೊಡಿ. ಪ್ರತಿ ವಾರ್ಡಿನ ಬಿಟ್ಟುಹೋದವರ ಸಂಖ್ಯೆಯನ್ನು ಫಲಕದಲ್ಲಿ ಹಾಕಿ, ಶೇಕಡಾವಾರಿನ ಪಕ್ಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ. ಇದನ್ನು ಓದುತ್ತಿರುವ ನೀವು ಇವತ್ತೇ ಬೀರು ತೆಗೆದು ಮಗುವಿನ ಕಾರ್ಡಿನಲ್ಲಿ ಖಾಲಿ ಚೌಕವಿದೆಯೇ ನೋಡಿ. ಆಮೇಲೆ ಅಪ್ಪನ, ಅಮ್ಮನ ಪಕ್ಕ ಕೂತು ವೈದ್ಯರ ಬಳಿ ಯಾವಾಗ ಹೋಗೋಣ ಎಂದು ಕೇಳಿ.

ಕಳೆದ ವಾರ ನಮ್ಮ ವಠಾರದ ಮೂಲೆ ಮನೆಯ ಅಜ್ಜಿಯನ್ನು ಫ್ಲೂ ಲಸಿಕೆಗೆ ಕರೆದುಕೊಂಡು ಹೋಗಿದ್ದೆ. “ನಂಗ್ಯಾಕಮ್ಮ ಈ ವಯಸ್ಸಲ್ಲಿ ಸೂಜಿ, ಇವತ್ತೋ ನಾಳೆನೋ ಅನ್ನೋಳು” ಎನ್ನುತ್ತಲೇ ಸೆರಗು ಸರಿಸಿ ತೋಳು ಕೊಟ್ಟರು. ಮನೆಗೆ ಬಂದು ಮೊಮ್ಮಗಳ ತಾಯಿ ಕಾರ್ಡಿನ ಕೊನೆಗೆ ಒಂದು ಬಿಳಿ ಹಾಳೆ ಅಂಟಿಸಿದೆ. ಅಡಿಪಟ್ಟಿಯಿಂದ ಗೆರೆ ಎಳೆದು ಹೆಸರು, ಲಸಿಕೆ, ಹಾಕಿದ ದಿನ, ಮುಂದಿನ ದಿನ ಎಂದು ನಾಲ್ಕು ಅಂಕಣ ಮಾಡಿದೆ. ಅಜ್ಜಿಗೆ ಓದಲು ಬಾರದು. “ನನ್ನ ಹೆಸರು ಎಲ್ಲಿದೆ ತೋರ್ಸು” ಎಂದರು. ಅವರ ಬೆರಳನ್ನು ಹಿಡಿದು ಅದರ ಮೇಲಿಟ್ಟೆ. ಆ ಹೆಸರಿನ ಕೆಳಗೆ ಇನ್ನೂ ಮೂರು ಸಾಲು ಖಾಲಿ ಇವೆ. ವಠಾರದಲ್ಲಿ ಅರವತ್ತು ದಾಟಿದವರು ಇನ್ನೂ ಮೂವರಿದ್ದಾರೆ.